ಗಣಿಯ ರಾಶಿಯ ಮೇಲೆ ಗಿಡ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ತೆರೆದ ಗಣಿಯೊಂದರ ಪರಿಸರ ವಿಭಾಗಕ್ಕೆ ಸೇರಿ ಎರಡು ವರ್ಷವಾಯಿತು. ಗಣಿಗೆ ಇನ್ನು ಏಳೆಂಟು ವರ್ಷದ ಆಯುಸ್ಸಿದೆ. ಕೆಲಸ ಮುಗಿದ ಭಾಗದ ತ್ಯಾಜ್ಯದ ರಾಶಿಯ ಮೇಲೆ ನಾನು ಬರುವ ಮೊದಲು ಒಮ್ಮೆ, ಬಂದ ಮೇಲೆ ಎರಡು ಬಾರಿ ಸಸಿ ನೆಡಲಾಗಿದೆ. ಪ್ರತಿ ಸಲವೂ ಮಳೆಗಾಲದಲ್ಲಿ ಹಸಿರಾಗಿ ಕಾಣುತ್ತದೆ, ಮುಂದಿನ ಬೇಸಿಗೆಗೆ ಮುಕ್ಕಾಲು ಪಾಲು ಒಣಗುತ್ತದೆ. ರಾಶಿಯ ಬುಡದಲ್ಲಿ ಕಳೆದ ವರ್ಷದಿಂದ ಕಿತ್ತಳೆ ಬಣ್ಣದ ನೀರು ಜಿನುಗುತ್ತಿದೆ. ಅದು ಬರೀ ಕಬ್ಬಿಣದ ತುಕ್ಕು, ಹೆದರಬೇಕಿಲ್ಲ ಎಂದು ಹಿರಿಯರು ಹೇಳುತ್ತಾರೆ. ಗಣಿ ಶುರುವಾದಾಗ ತೆಗೆದ ಮೇಲ್ಮಣ್ಣು ಹತ್ತು ವರ್ಷದಿಂದ ಒಂದು ಮೂಲೆಯಲ್ಲಿ ಎತ್ತರದ ಗುಡ್ಡೆಯಾಗಿ ಬಿದ್ದಿದೆ. ಅದನ್ನು ಹರಡಿದರೆ ಎಲ್ಲ ಸರಿಹೋಗುತ್ತದೆಯೇ? ಗುಂಡಿಯನ್ನು ಕೊನೆಗೆ ಕೆರೆ ಮಾಡಿ ಬಿಡುವ ಯೋಚನೆಯಿದೆ. ಹತ್ತಿರದ ಹಳ್ಳಿಯವರು, ‘ನೀವು ಹೋದ ಮೇಲೆ ನಮಗೇನು ಉಳಿಯುತ್ತದೆ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಸಸಿಯಿಂದ ಶುರುವಾಗುತ್ತದೆ. ನೀರಿನ ವಿಷಯ ನಡುವೆ ಎರಡು ವಾಕ್ಯದಲ್ಲಿ ಬಂದು ಹೋಗುತ್ತದೆ. ನನಗೆ ನಿದ್ದೆ ಕೆಡಿಸುವುದು ಆ ಎರಡು ವಾಕ್ಯಗಳೇ. ಸಸಿ ಸತ್ತರೆ ಮುಂದಿನ ವರ್ಷ ಇನ್ನೊಂದು ನೆಡಬಹುದು. ರಾಶಿಯ ಹೊಟ್ಟೆಯಲ್ಲಿ ಹುಳಿ, ಎಂದರೆ ಆಮ್ಲ, ಹುಟ್ಟಿಕೊಂಡರೆ ಅದು ಗಣಿಯ ಆಯುಸ್ಸು ಮುಗಿದರೂ ಮುಗಿಯುವುದಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗಳ ಸರದಿಯನ್ನು ಸ್ವಲ್ಪ ತಿರುಗಿಸುತ್ತೇನೆ. ನೀರು ಮೊದಲು, ಮಣ್ಣು ಆಮೇಲೆ, ಗಿಡ ಕೊನೆಗೆ. ಗಣಿಯ ನೆಲವನ್ನು ಮತ್ತೆ ನೆಲವಾಗಿಸುವ ಕೆಲಸವೂ ಇದೇ ಸರದಿಯಲ್ಲಿ ನಡೆಯಬೇಕು. ನಿಮ್ಮಲ್ಲಿ ಅದು ತಿರುವುಮುರುವಾಗಿ ನಡೆದಿದೆ. ಅದಕ್ಕೆ ನೀವೊಬ್ಬರೇ ಕಾರಣರಲ್ಲ. ವರದಿಯಲ್ಲಿ ಎಷ್ಟು ಸಸಿ ನೆಟ್ಟಿರಿ ಎಂಬ ಕಲಂ ಇರುತ್ತದೆ, ಅದನ್ನು ತುಂಬುವುದು ಸುಲಭ. ರಾಶಿಯೊಳಗೆ ಏನಿದೆ ಎಂಬ ಕಲಂ ಇರುವ ನಮೂನೆಯನ್ನು ನಾನು ನೋಡಿದ್ದು ಕಡಿಮೆ.

ಮೊದಲು ಆ ನೀರು. ಅನೇಕ ಗಣಿಗಳ ಕಲ್ಲಿನಲ್ಲಿ ಪೈರೈಟ್ ಇರುತ್ತದೆ. ಚಿನ್ನದಂತೆ ಮಿನುಗುವ ಈ ಖನಿಜ ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ನೆಲದಾಳದಲ್ಲಿ ಗಾಳಿ ತಾಗದೆ ಅದು ಯುಗಗಟ್ಟಲೆ ತನ್ನ ಪಾಡಿಗೆ ತಾನಿರುತ್ತದೆ. ನಾವು ಅದನ್ನು ಸಿಡಿಸಿ, ಚೂರು ಮಾಡಿ, ಗಾಳಿಮಳೆಗೆ ಒಡ್ಡಿ ರಾಶಿ ಹಾಕುತ್ತೇವೆ. ಆಮ್ಲಜನಕವೂ ನೀರೂ ತಾಗಿದ ಪೈರೈಟ್‌ನಿಂದ ಗಂಧಕಾಮ್ಲ ಹುಟ್ಟುತ್ತದೆ. ಮೊದಮೊದಲು ಇದು ನಿಧಾನ. ಹುಳಿ ಏರಿದ ಮೇಲೆ ಅದೇ ಹುಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಸೇರಿಕೊಂಡು ವೇಗವನ್ನು ಅನೇಕ ಪಟ್ಟು ಹೆಚ್ಚಿಸುತ್ತವೆ. ಕಲ್ಲಿನಲ್ಲಿ ಸುಣ್ಣದ ಅಂಶವಿದ್ದರೆ ಅದು ಕೆಲವು ವರ್ಷ ಈ ಹುಳಿಯನ್ನು ನುಂಗಿಕೊಳ್ಳುತ್ತದೆ. ಸುಣ್ಣ ತೀರಿದಾಗ ಬುಡದ ನೀರಿನ ಗುಣ ಬದಲಾಗುತ್ತದೆ. ಹತ್ತು ವರ್ಷ ಸುಮ್ಮನಿದ್ದ ರಾಶಿ ಇದ್ದಕ್ಕಿದ್ದಂತೆ ಕೆಟ್ಟಿತು ಎಂದು ಜನರಿಗೆ ಅನ್ನಿಸುವುದು ಹೀಗೆ. ಅದು ಕೆಡಲು ಶುರುವಾಗಿದ್ದು ಮೊದಲ ಟಿಪ್ಪರ್ ಸುರಿದ ದಿನವೇ.

ಹಾಗೆಂದು ಕಿತ್ತಳೆ ಬಣ್ಣವೆಲ್ಲ ಆಮ್ಲವಲ್ಲ. ಹಿರಿಯರ ಮಾತಿನಲ್ಲಿ ಅರ್ಧ ನಿಜವಿರಲು ಸಾಧ್ಯ. ಮಳೆ ಬಂದಾಗ ಮಾತ್ರ ಕೆಂಪಾಗಿ ಹರಿದು, ಗಾಜಿನ ಲೋಟದಲ್ಲಿ ಇಟ್ಟರೆ ಅಡಿಗೆ ಕೂತು ಮೇಲೆ ತಿಳಿಯಾಗುವ ನೀರು ಕೊಚ್ಚಿಬಂದ ಮಣ್ಣಿನದು. ಅದು ಮಣ್ಣಿನ ಸವೆತದ ತೊಂದರೆ, ರಸಾಯನದ್ದಲ್ಲ. ಮಳೆಯಿಲ್ಲದ ದಿನವೂ ಜಿನುಗುತ್ತ, ಹೊರಬರುವಾಗ ತಿಳಿಯಾಗಿದ್ದು ಗಾಳಿ ತಾಗಿದ ಮೇಲೆ ಕಿತ್ತಳೆಗೆ ತಿರುಗಿ, ಕಲ್ಲುಗಳ ಮೇಲೆ ಲೋಳೆಯಂತೆ ಅಂಟಿಕೊಂಡರೆ ನೀರಿನಲ್ಲಿ ಕರಗಿದ ಕಬ್ಬಿಣವಿದೆ. ಅದರ ಮೇಲೆ ಎಣ್ಣೆಯಂಥ ಪದರವೂ ಕಾಣಬಹುದು. ಕಡ್ಡಿಯಿಂದ ಚುಚ್ಚಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಬ್ಯಾಕ್ಟೀರಿಯಾಗಳ ಪದರವಾದರೆ ಗಾಜಿನಂತೆ ಚೂರಾಗಿ ಒಡೆಯುತ್ತದೆ.

‘ಬರೀ ತುಕ್ಕು’ ಎನ್ನುವವರು ಮರೆಯುವ ಒಂದು ಸಂಗತಿಯಿದೆ. ಕರಗಿದ ಕಬ್ಬಿಣ ತುಕ್ಕಾಗಿ ಕೂರುವಾಗ ಮತ್ತಷ್ಟು ಆಮ್ಲವನ್ನು ನೀರಿಗೆ ಬಿಡುತ್ತದೆ. ಹುಳಿಯ ಅಳತೆ ಪಿಎಚ್; 7 ಎಂದರೆ ಸಮ, ಅದಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಜಿನುಗುವ ಜಾಗದಲ್ಲಿ ಪಿಎಚ್ 6 ತೋರಿಸಿದ ನೀರು ಕೆಳಗಿನ ಹಳ್ಳ ಸೇರುವಷ್ಟರಲ್ಲಿ 4ಕ್ಕೆ ಇಳಿದಿರಬಹುದು. ಆದ್ದರಿಂದ ಪಿಎಚ್ ಒಂದನ್ನೇ ಅಳೆದು ಸಮಾಧಾನಪಡಬೇಡಿ. ಒಟ್ಟು ಆಮ್ಲೀಯತೆ, ಕ್ಷಾರೀಯತೆ (ಆಮ್ಲವನ್ನು ತಣಿಸುವ ಶಕ್ತಿ), ಗಂಧಕಾಮ್ಲದ ಗುರುತಾಗಿ ಉಳಿಯುವ ಸಲ್ಫೇಟ್, ವಿದ್ಯುದ್ವಾಹಕತೆ, ಕರಗಿದ ಲೋಹಗಳು, ಇಷ್ಟನ್ನೂ ಮಾಡಿಸಿ. ಪಿಎಚ್ ಚೆನ್ನಾಗಿದ್ದು ಸಲ್ಫೇಟ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಒಳಗೆ ಆಮ್ಲ ಹುಟ್ಟುತ್ತಿದೆ, ಸುಣ್ಣ ಇನ್ನೂ ತಡೆದುಕೊಂಡಿದೆ ಎಂದು ತಿಳಿಯಿರಿ. ಮುಂಚಿತವಾಗಿ ಸಿಗುವ ಎಚ್ಚರಿಕೆ ಅದೊಂದೇ. ಸತು, ಮ್ಯಾಂಗನೀಸ್, ಆರ್ಸೆನಿಕ್‌ನಂಥವು ಹುಳಿಯಿಲ್ಲದ ನೀರಿನಲ್ಲೂ ಕರಗಿ ಬರಬಲ್ಲವು ಎಂಬುದೂ ನೆನಪಿರಲಿ.

ನೀರಿನ ಜೊತೆಗೆ ಕಲ್ಲನ್ನೂ ಕೇಳಬೇಕು. ರಾಶಿಯ ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಿಂದ ಮಾದರಿ ತೆಗೆಸಿ. ಆಮ್ಲ ಹುಟ್ಟಿಸುವ ಶಕ್ತಿ ಎಷ್ಟು, ಅದನ್ನು ತಣಿಸುವ ಶಕ್ತಿ ಎಷ್ಟು ಎಂಬ ಜಮಾಖರ್ಚು ನೋಡುವುದು ಹಳೆಯ ವಿಧಾನ. ಲೆಕ್ಕ ಸರಳ. ಒಂದು ಟನ್ ಕಲ್ಲಿನಲ್ಲಿ ಪೈರೈಟ್ ರೂಪದ ಗಂಧಕ ಶೇಕಡಾ 1ರಷ್ಟಿದ್ದರೆ, ಅದರ ಆಮ್ಲವನ್ನು ತಣಿಸಲು 31.25 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣಕಲ್ಲಿನ ಮುಖ್ಯ ಅಂಶ) ಬೇಕು. ನಿಮ್ಮ ರಾಶಿಯ ಟನ್‌ಗಳನ್ನು ಅದರಿಂದ ಗುಣಿಸಿ ನೋಡಿದರೆ, ‘ಮೇಲೆ ಸ್ವಲ್ಪ ಸುಣ್ಣ ಎರಚಿಬಿಡಿ’ ಎಂಬ ಸಲಹೆ ಏಕೆ ನಡೆಯುವುದಿಲ್ಲ ಎಂಬುದು ಗೊತ್ತಾಗುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಪುಡಿ ಮಾಡಿದ ಕಲ್ಲಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ವರ್ಷಗಳ ಕ್ರಿಯೆಯನ್ನು ಗಂಟೆಗಳಲ್ಲಿ ಮುಗಿಸುತ್ತಾರೆ. ಕೊನೆಗೆ ಪಿಎಚ್ 4.5ಕ್ಕಿಂತ ಕೆಳಗಿಳಿದರೆ ಆ ಕಲ್ಲನ್ನು ಅನುಮಾನದ ಪಟ್ಟಿಗೆ ಸೇರಿಸುತ್ತಾರೆ. ಎರಡೂ ದುಬಾರಿ ಪರೀಕ್ಷೆಗಳಲ್ಲ. ಮೂರು ಮಳೆಗಾಲದ ಸಸಿಗಳಿಗೆ ಹಾಕಿದ ಹಣದ ಮುಂದೆ ಏನೂ ಅಲ್ಲ.

ಫಲಿತಾಂಶ ಕೆಟ್ಟದಾಗಿ ಬಂದರೆ ಏನು ಮಾಡಬಹುದು? ತಕ್ಷಣ ಮಾಡಬೇಕಾದದ್ದು ಹೊರಗಿನ ನೀರು ರಾಶಿಗೆ ಸೇರದಂತೆ ತಡೆಯುವುದು. ಮೇಲಿನ ಇಳಿಜಾರಿನಿಂದ ಬರುವ ಮಳೆನೀರನ್ನು ಸುತ್ತುಗಾಲುವೆ ತೋಡಿ ಆಚೆಗೆ ತಿರುಗಿಸಿ. ಶುದ್ಧ ನೀರು ಶುದ್ಧವಾಗಿಯೇ ಹೋಗಲಿ. ಇದರಿಂದ ಆಮ್ಲ ಹುಟ್ಟುವುದು ನಿಲ್ಲುವುದಿಲ್ಲ, ಆದರೆ ನೀವು ಶುದ್ಧೀಕರಿಸಬೇಕಾದ ನೀರಿನ ಪ್ರಮಾಣ ಇಳಿಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇಡೀ ಗಣಿಯಲ್ಲಿ ಬೇರೆ ಇಲ್ಲ.

ಆಮೇಲಿನ ದಾರಿಗಳಿಗೆಲ್ಲ ಒಂದೊಂದು ತೊಡಕಿದೆ. ಸುಣ್ಣ ಬೆರೆಸುವ ಘಟಕ ಖಂಡಿತ ಕೆಲಸ ಮಾಡುತ್ತದೆ, ಆದರೆ ದಿನವೂ ಕೆಸರು ಉತ್ಪಾದಿಸುತ್ತದೆ. ಆ ಕೆಸರಿಗೂ ಜಾಗ ಬೇಕು, ಘಟಕವನ್ನು ನಡೆಸುವವರೂ ಬೇಕು, ಗಣಿ ಮುಚ್ಚಿದ ಮೇಲೂ ಬೇಕು. ಸುಣ್ಣಕಲ್ಲಿನ ಕಾಲುವೆ ಅಗ್ಗ, ಆದರೆ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಕಲ್ಲಿನ ಮೇಲೆ ತುಕ್ಕಿನ ಕವಚ ಬೆಳೆದು ಒಳಗಿನ ಸುಣ್ಣ ನಿರುಪಯೋಗಿಯಾಗುತ್ತದೆ. ಜೊಂಡು ಬೆಳೆದ ಕೃತಕ ಜೌಗು ನೋಡಲು ಚೆಂದ, ಸಣ್ಣ ಹರಿವಿಗೆ ಸಾಕು. ಹರಿವು ಹೆಚ್ಚಾದರೆ ಅಗಾಧ ಜಾಗ ಬೇಕು, ಮೇಲಾಗಿ ಕಾಲಕಾಲಕ್ಕೆ ಹೂಳೆತ್ತಬೇಕು. ರಾಶಿಯ ಮೇಲೆ ಜೇಡಿಮಣ್ಣಿನ ಹೊದಿಕೆ ಹಾಕಿದರೆ ಗಾಳಿಯೂ ನೀರೂ ಒಳಹೋಗುವುದು ಕಡಿಮೆಯಾಗುತ್ತದೆ. ಅದು ಬಿಸಿಲಿಗೆ ಬಿರುಕು ಬಿಡಬಹುದು, ರಾಶಿ ಕುಸಿದಂತೆ ಸೀಳಬಹುದು. ಕೆಟ್ಟ ಕಲ್ಲನ್ನೇ ಎತ್ತಿ ಗುಂಡಿಯ ತಳಕ್ಕೆ ಹಾಕಿ, ಶಾಶ್ವತವಾಗಿ ನೀರಿನಡಿ ಮುಳುಗಿಸುವುದು ಹಲವೆಡೆ ಅತ್ಯುತ್ತಮ ದಾರಿ, ಏಕೆಂದರೆ ನೀರಿನಡಿ ಆಮ್ಲಜನಕ ತಲುಪುವುದು ತೀರಾ ಕಡಿಮೆ. ಆದರೆ ಆಗಲೇ ಹುಳಿಯೇರಿದ ಕಲ್ಲಿನಲ್ಲಿ ಕರಗಲು ಸಿದ್ಧವಾದ ಲವಣ ಕೂತಿರುತ್ತದೆ. ಸುಣ್ಣ ಬೆರೆಸದೆ ಮುಳುಗಿಸಿದರೆ ಅದಷ್ಟೂ ಗುಂಡಿಯ ನೀರಿಗೆ ಬರುತ್ತದೆ. ಗುಂಡಿಯ ನೀರು ಬೇಸಿಗೆಯಲ್ಲಿ ಇಳಿದು ಕಲ್ಲು ಮತ್ತೆ ಗಾಳಿ ಕಾಣುವಂತಿದ್ದರೆ ಈ ದಾರಿ ಬೇಡವೇ ಬೇಡ.

ಇಷ್ಟು ಗಾಬರಿಯಾಗಬೇಕೇ ಎಂದರೆ, ಸ್ಪೇನ್‌ನ ರಿಯೊ ಟಿಂಟೊ ನದಿಯನ್ನು ನೋಡಿ. ಆ ಕಣಿವೆಯಲ್ಲಿ ಗಣಿಗಾರಿಕೆ ಸುಮಾರು 5000 ವರ್ಷ ಹಳೆಯದು. ನದಿಯ ನೀರು ಇಂದಿಗೂ ಕೆಂಪು, ಪಿಎಚ್ ಇಂದಿಗೂ 2ರ ಆಸುಪಾಸು. ಅಲ್ಲಿನ ಹುಳಿಗೆ ನೆಲದ ಸಹಜ ಗುಣವೂ ಕಾರಣ, ನಿಜ. ಆದರೂ ಒಮ್ಮೆ ಶುರುವಾದ ಈ ಕ್ರಿಯೆ ತಾನಾಗಿ ನಿಲ್ಲುವವರೆಗೆ ಕಾದು ಕೂರುವಂತಿಲ್ಲ ಎಂಬುದಕ್ಕೆ ಅಷ್ಟು ಸಾಕು.

ಈಗ ಸಸಿಗಳಿಗೆ ಬರೋಣ. ನೀರು ಹಾಕುವವರು ಸರಿಯಿಲ್ಲ, ಸಸಿ ಚಿಕ್ಕದು, ಜಾತಿ ತಪ್ಪು ಎಂದು ನಿಮಗೆ ಹೇಳಿರುತ್ತಾರೆ. ಇರಬಹುದು. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಒಣಗಿದ ಹತ್ತು ಸಸಿಗಳನ್ನು ಎಳೆಯದೆ, ಸುತ್ತ ಅಗೆದು ಬೇರು ಸಮೇತ ಎತ್ತಿ. ಬೇರುಗಳು ನೆಟ್ಟ ಗುಣಿಯ ಗೋಡೆ ಮುಟ್ಟಿ, ಅಲ್ಲೇ ಕುಂಡದೊಳಗಿನಂತೆ ಸುತ್ತಿಕೊಂಡಿದ್ದರೆ, ನಿಮ್ಮ ರಾಶಿ ಗಟ್ಟಿಯಾಗಿ ಒತ್ತಿಹೋಗಿದೆ. ಸಸಿ ಮಳೆಗಾಲದಲ್ಲಿ ಆ ಗುಣಿಯ ನೀರು ಕುಡಿದು ಚಿಗುರಿತು, ಬೇಸಿಗೆಯಲ್ಲಿ ಆಳದ ತೇವಕ್ಕೆ ಬೇರು ಇಳಿಸಲಾಗದೆ ಸತ್ತಿತು. ‘ಮೊದಲ ವರ್ಷ ಹಸಿರು, ಬೇಸಿಗೆಗೆ ಒಣಗು’ ಎಂಬ ನಿಮ್ಮ ವರ್ಣನೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಬದಲಿಗೆ ಬೇರುಗಳ ತುದಿ ಕಪ್ಪಾಗಿ, ಮೊಂಡಾಗಿ, ಸುಟ್ಟಂತಿದ್ದರೆ ಹುಳಿ ಅಥವಾ ಲೋಹದ ವಿಷ ಎಂದು ಅನುಮಾನಿಸಿ. ಎರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ರಾಶಿಯ ನೆತ್ತಿಯ ಮೇಲೆ ಬುಲ್ಡೋಜರನ್ನು ಮತ್ತೆ ಮತ್ತೆ ಓಡಾಡಿಸಿ, ಅದನ್ನು ಇಸ್ತ್ರಿ ಮಾಡಿದ ಬಟ್ಟೆಯಂತೆ ಸಮ ಮಾಡಿಸಿದ್ದೆ. ನೋಡಲು ಬಂದವರು ಬೆನ್ನು ತಟ್ಟಿ ಹೋದರು. ಗಿಡ ಮಾತ್ರ ನಿಲ್ಲಲಿಲ್ಲ. ಮೂರನೆಯ ವರ್ಷ ಸುತ್ತಾಡುತ್ತಿದ್ದಾಗ, ಅದೇ ರಾಶಿಯ ಅಂಚಿನಲ್ಲಿ ಒಬ್ಬ ಟಿಪ್ಪರ್ ಚಾಲಕ ಸುರಿದು ಹಾಗೇ ಬಿಟ್ಟುಹೋಗಿದ್ದ ಒಡ್ಡೊಡ್ಡಾದ ಗುಪ್ಪೆಗಳು ಕಂಡವು. ನಾವು ನೆಡದ ಗಿಡಗಳು ಅವುಗಳ ಮೇಲೆ ಆಳೆತ್ತರ ಬೆಳೆದಿದ್ದವು. ಅಂದಿನಿಂದ ಸಮತಟ್ಟಾದ ರಾಶಿ ಕಂಡರೆ ನನಗೆ ಹಿಗ್ಗಾಗುವುದಿಲ್ಲ.

ಇದೇ ಪಾಠವನ್ನು ಅಮೆರಿಕ ಅಪಲೇಚಿಯನ್ ಬೆಟ್ಟಗಳ ಕಲ್ಲಿದ್ದಲು ಗಣಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕಲಿಯಿತು. 1977ರ ಗಣಿ ಪುನಶ್ಚೇತನ ಕಾನೂನು ಬಂದ ಮೇಲೆ ಕುಸಿತ ಮತ್ತು ಸವೆತ ತಡೆಯುವುದೇ ಮುಖ್ಯವಾಯಿತು. ಇಳಿಜಾರುಗಳನ್ನು ಒತ್ತಿ ನುಣುಪಾಗಿಸಿದರು, ಬೇಗ ಹರಡುವ ದಟ್ಟ ಹುಲ್ಲು ಬಿತ್ತಿದರು. ಬೆಟ್ಟ ಹಸಿರಾಯಿತು, ಕಾಡು ಮರಳಲಿಲ್ಲ. ಒತ್ತಿದ ನೆಲ, ಮೇಲೆ ನೀರಿಗೆ ಪೈಪೋಟಿ ಮಾಡುವ ಹುಲ್ಲು, ನಡುವೆ ಮರದ ಸಸಿ. 2000ದ ದಶಕದಲ್ಲಿ ಅಲ್ಲಿನ ಅರಣ್ಯತಜ್ಞರು ಪದ್ಧತಿಯನ್ನೇ ತಿರುಗಿಸಿದರು. ಮೇಲಿನ ಸುಮಾರು 1.2 ಮೀಟರ್ ಬೇರಿಗೆ ಹಿಡಿಸುವ ಪದರವಾಗಿರಲಿ, ಅದನ್ನು ಸಡಿಲವಾಗಿಯೇ ಬಿಡಿ, ಹುಲ್ಲನ್ನು ವಿರಳವಾಗಿ ಬಿತ್ತಿ ಎಂದರು.

ನಿಮ್ಮ ರಾಶಿಯಲ್ಲಿ ನೆಲ ಒತ್ತಿಹೋದದ್ದೇ ಕಾರಣವೆಂದು ಖಚಿತವಾದರೆ, ಬುಲ್ಡೋಜರ್‌ಗೆ ರಿಪ್ಪರ್ (ನೆಲ ಸೀಳುವ ಉಕ್ಕಿನ ಕೊಕ್ಕೆ) ಕಟ್ಟಿ ಒಂದು ಮೀಟರಿಗಿಂತ ಆಳಕ್ಕೆ ಸೀಳಿಸಿ. ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಸೀಳಬೇಕು. ನೆಲ ಒಣಗಿದ್ದಾಗ ಸೀಳಬೇಕು. ಒದ್ದೆಯಲ್ಲಿ ಸೀಳಿದರೆ ನೆಲ ಒಡೆಯುವುದಿಲ್ಲ, ಕತ್ತರಿಸಿದಂತಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಸೀಳಿದ ಮೇಲೆ ಅಲ್ಲಿ ಭಾರಿ ವಾಹನ ಓಡಿಸಬೇಡಿ. ಹೇಳುವುದು ಸುಲಭ, ಇಂಥದ್ದನ್ನು ತಡೆಯಲು ನಾನು ಕಂದಕ ತೋಡಿಸಿದ್ದೂ ಉಂಟು.

ಇಲ್ಲೇ ನಿಮ್ಮ ಎರಡು ಪ್ರಶ್ನೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು. ಗಿಡಕ್ಕೆ ಸಡಿಲ ನೆಲ ಬೇಕು, ನೀರೂ ಗಾಳಿಯೂ ಇಳಿಯಬೇಕು. ಪೈರೈಟ್ ಇರುವ ರಾಶಿಗೆ ನೀರೂ ಗಾಳಿಯೂ ಇಳಿಯಬಾರದು. ಒಳಗೇನಿದೆ ಎಂದು ನೋಡದೆ ರಿಪ್ಪರ್ ಹಾಯಿಸಿದರೆ ಮುಂದಿನ ವರ್ಷ ಸಸಿ ಚೆನ್ನಾಗಿ ಕಾಣಬಹುದು, ಬುಡದ ನೀರು ಇನ್ನಷ್ಟು ಕೆಡಬಹುದು. ಪರೀಕ್ಷೆ ಮೊದಲು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕಲ್ಲು ನಿರುಪದ್ರವಿಯಾದರೆ ಧೈರ್ಯವಾಗಿ ಸೀಳಿಸಿ. ಆಮ್ಲ ಹುಟ್ಟಿಸುವ ಕಲ್ಲಾದರೆ ರಾಶಿಯನ್ನು ಸೀಳಬೇಡಿ. ಅದರ ಮೇಲೆ ಒತ್ತಿದ ತಡೆಪದರ, ತಡೆಪದರದ ಮೇಲೆ ಒಳ್ಳೆಯ ಕಲ್ಲುಮಣ್ಣಿನ ಒಂದು ಮೀಟರಿಗೂ ದಪ್ಪನೆಯ ಸಡಿಲ ಪದರ, ಅದರಲ್ಲಿ ಗಿಡ. ಖರ್ಚು ಹೆಚ್ಚು. ಕಡಿದಾದ ಇಳಿಜಾರಿನಲ್ಲಿ ಸಡಿಲ ಪದರ ಒತ್ತಿದ ಪದರದ ಮೇಲೆ ಜಾರುವ ಅಪಾಯವೂ ಇದೆ. ಹಾಗಾಗಿ ಇಳಿಜಾರನ್ನು ಮೊದಲು ತಗ್ಗಿಸಬೇಕು.

ಇಳಿಜಾರಿನ ವಿಷಯ ಬಂದದ್ದರಿಂದ ಒಂದೆರಡು ಮಾತು. ಟಿಪ್ಪರ್ ಸುರಿದ ಕಲ್ಲು ತಾನಾಗಿ ನಿಲ್ಲುವ ಕೋನ ಸುಮಾರು 35ರಿಂದ 37 ಡಿಗ್ರಿ. ಅಲ್ಲಿ ಕಲ್ಲು ನಿಲ್ಲುತ್ತದೆ, ಮಣ್ಣು ನಿಲ್ಲುವುದಿಲ್ಲ, ಬೀಜವೂ ನಿಲ್ಲುವುದಿಲ್ಲ. ಬೆಂಚುಗಳನ್ನು, ಎಂದರೆ ಇಳಿಜಾರಿನಲ್ಲಿ ಮೆಟ್ಟಿಲಿನಂಥ ಹಂತಗಳನ್ನು, ಕತ್ತರಿಸಿದ್ದರೆ ಸಾಲದು. ಬೆಂಚಿನ ಮೇಲೆ ನೀರು ನಿಂತು, ಅದರ ಅತಿ ತಗ್ಗಿನ ಜಾಗದಲ್ಲಿ ಉಕ್ಕಿ, ಅಲ್ಲಿಂದಲೇ ಕೊರಕಲು ಶುರುವಾಗುತ್ತದೆ. ಪ್ರಕೃತಿಯ ಗುಡ್ಡಗಳನ್ನು ಗಮನಿಸಿ. ಮೇಲೆ ಕಡಿದು, ಕೆಳಗೆ ಬರುತ್ತ ಚಪ್ಪಟೆ. ರಾಶಿಗೂ ಆ ಆಕಾರ ಕೊಟ್ಟರೆ ಸವೆತ ಗಮನಾರ್ಹವಾಗಿ ಇಳಿಯುತ್ತದೆ. ರಾಶಿಯ ಅಡಿಯಲ್ಲಿ ಹಳೆಯ ಒರತೆ ಇತ್ತೇ ಎಂದು ಊರಿನ ಹಿರಿಯರನ್ನು ಕೇಳಿ. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫಾನ್ ಎಂಬಲ್ಲಿ ಕಲ್ಲಿದ್ದಲು ಗಣಿಯ ರಾಶಿ ಜಾರಿ ಶಾಲೆಯ ಮೇಲೆ ಬಿದ್ದು 144 ಮಂದಿ ಸತ್ತರು. ಅವರಲ್ಲಿ 116 ಮಕ್ಕಳು. ಆ ರಾಶಿಯನ್ನು ಒರತೆಯ ಮೇಲೆ ಸುರಿಯಲಾಗಿತ್ತು.

ಮೇಲ್ಮಣ್ಣಿನ ಗುಡ್ಡೆಗೆ ಬರೋಣ. ಅದನ್ನು ಹರಡಿದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಹಾಗಾದರೆ ಅದು ನಿಷ್ಪ್ರಯೋಜಕವೇ? ಅದೂ ಅಲ್ಲ. ಮೇಲ್ಮಣ್ಣಿನ ಬೆಲೆ ಇರುವುದು ಅದರ ಜೀವದಲ್ಲಿ, ಎಂದರೆ ಬೀಜ, ಬೇರಿಗೆ ಅಂಟಿ ಬದುಕುವ ಶಿಲೀಂಧ್ರ, ಎರೆಹುಳು, ಸೂಕ್ಷ್ಮಜೀವಿಗಳಲ್ಲಿ. ಎತ್ತರದ ಗುಡ್ಡೆಯ ಒಳಗೆ ಗಾಳಿಯಾಡುವುದಿಲ್ಲ. ಹತ್ತು ವರ್ಷದಲ್ಲಿ ಒಳಗಿನ ಬಹುಪಾಲು ಜೀವ ಸತ್ತಿರುತ್ತದೆ. ಮೇಲ್ಮೈಯಲ್ಲಿ ಮಾತ್ರ, ಗಿಡಗಂಟಿ ಬೆಳೆದಿರುವ ಮೇಲಿನ ಒಂದು ಗೇಣಿನಷ್ಟು ಪದರದಲ್ಲಿ, ಜೀವ ಉಳಿದಿರುತ್ತದೆ. ಆದ್ದರಿಂದ ಆ ಪದರವನ್ನು ಬೇರೆಯಾಗಿ ಕೆರೆದು ತೆಗೆಸಿ, ಹೆಪ್ಪು ಹಾಕಿದಂತೆ ಅಲ್ಲಲ್ಲಿ ಬಳಸಿ. ಒಳಗಿನ ಮಣ್ಣನ್ನು ಕೆಳಪದರವಾಗಿ ಹರಡಿ. ಅದರಲ್ಲಿ ಜೇಡಿಯಿದೆ, ತೇವ ಹಿಡಿಯುವ ಗುಣವಿದೆ. ಗುಡ್ಡೆಯ ಮೇಲೆ ಬೆಳೆದಿರುವುದು ಬರೀ ಕಳೆಯಾದರೆ ಮಾತ್ರ ಮೇಲಿನ ಪದರವನ್ನು ಹುಷಾರಾಗಿ ಬಳಸಿ, ಇಲ್ಲವಾದರೆ ಕಳೆಯನ್ನು ನೀವೇ ಬಿತ್ತಿದಂತೆ.

ಲೆಕ್ಕವನ್ನೂ ಹಾಕಿಕೊಳ್ಳಿ. ಒಂದು ಹೆಕ್ಟೇರಿಗೆ 20 ಸೆಂಟಿಮೀಟರ್ ದಪ್ಪ ಹರಡಲು 2000 ಘನ ಮೀಟರ್ ಮಣ್ಣು ಬೇಕು. ನಿಮ್ಮ ಗುಡ್ಡೆ ಎಲ್ಲ ಜಾಗಕ್ಕೆ ಸಾಲುವುದಿಲ್ಲ ಎಂದೇ ನನ್ನ ಊಹೆ. ಎಲ್ಲೆಡೆ ತೆಳುವಾಗಿ ಸವರುವುದಕ್ಕಿಂತ ಆಯ್ದ ಜಾಗಗಳಲ್ಲಿ ದಪ್ಪವಾಗಿ ಹಾಕಿ. ಅಲ್ಲಿ ಚೆನ್ನಾಗಿ ಬೆಳೆದ ಗಿಡಗಳಿಂದ ಬೀಜ ಸುತ್ತಲಿಗೆ ಹೋಗುತ್ತದೆ.

ಗಣಿ ಇನ್ನೂ ಏಳೆಂಟು ವರ್ಷ ನಡೆಯುತ್ತದೆಯಲ್ಲ, ನಿಮ್ಮ ಕೈಯಲ್ಲಿರುವ ದೊಡ್ಡ ಅವಕಾಶ ಅದು. ಹೊಸದಾಗಿ ತೆರೆಯುವ ಜಾಗದ ಮೇಲ್ಮಣ್ಣನ್ನು ಗುಡ್ಡೆ ಹಾಕಬೇಡಿ. ತೆಗೆದದ್ದನ್ನು ನೇರವಾಗಿ ಸಿದ್ಧವಾದ ರಾಶಿಯ ಮೇಲೆ ಹರಡಿ. ಪಶ್ಚಿಮ ಆಸ್ಟ್ರೇಲಿಯಾದ ಜರ್ರಾ ಕಾಡಿನ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಗಣಿಗಳಲ್ಲಿ ಈ ಪದ್ಧತಿ ಬಹುಕಾಲದಿಂದ ಇದೆ. ಅಲ್ಲಿ ಕಾಡುಗಿಡಗಳ ಬೀಜದ ಬಹುಪಾಲು ನೆಲದ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿದೆ ಎಂದು ಕಂಡುಕೊಂಡು, ಆ ತೆಳುಪದರವನ್ನು ಪ್ರತ್ಯೇಕವಾಗಿ ತೆಗೆದು ಕೂಡಲೇ ಹಾಸುತ್ತಾರೆ. ಅದೇ ಗಣಿಗಳ ಇನ್ನೊಂದು ಅನುಭವ ಹೇಳಬೇಕು. ಶುರುವಿನಲ್ಲಿ ಅವರು ಪೈನ್ ಮತ್ತು ಹೊರಗಿನ ನೀಲಗಿರಿ ಜಾತಿಗಳನ್ನು ನೆಟ್ಟರು, 1988ರಿಂದ ಅಲ್ಲಿನದೇ ಜರ್ರಾ ಮತ್ತು ಮಾರಿ ಮರಗಳಿಗೆ ಮರಳಿದರು. ರಂಜಕದ ಗೊಬ್ಬರ ಹೆಚ್ಚು ಹಾಕಿದಲ್ಲಿ ಬೇಗ ಬೆಳೆಯುವ ಗಿಡಗಳು ಉಳಿದವನ್ನು ತುಳಿದುಹಾಕಿದ್ದನ್ನೂ ನೋಡಿದರು. ಕಾಡು ಮರಳಿಸುವವರಿಗೆ ಗೊಬ್ಬರ ಯಾವಾಗಲೂ ಸ್ನೇಹಿತನಲ್ಲ.

ಆದರೆ ಸಾರಜನಕ ಬೇಕು. ಬ್ರಿಟನ್ನಿನ ಪರಿಸರ ವಿಜ್ಞಾನಿ ಆಂಥೊನಿ ಬ್ರಾಡ್‌ಶಾ ಅವರು ಗಣಿ ತ್ಯಾಜ್ಯಗಳ ಮೇಲೆ ದೀರ್ಘಕಾಲ ಕೆಲಸ ಮಾಡಿ, ಗಿಡಗಳ ಸಮುದಾಯವೊಂದು ತನ್ನ ಕಾಲ ಮೇಲೆ ನಿಲ್ಲಬೇಕಾದರೆ ಮಣ್ಣಿನಲ್ಲಿ ಹೆಕ್ಟೇರಿಗೆ ಸುಮಾರು 1000 ಕಿಲೋ ಸಾರಜನಕ ಸೇರಬೇಕು ಎಂದು ಅಂದಾಜಿಸಿದ್ದರು. ಒಂದು ಮೂಟೆ ಯೂರಿಯಾದಿಂದ ಅದು ಆಗುವುದಿಲ್ಲ, ಒಮ್ಮೆಗೇ ಸುರಿದರೆ ಮಳೆಯಲ್ಲಿ ಕೊಚ್ಚಿಹೋಗುತ್ತದೆ. ಬೇರುಗಂಟುಗಳ ದ್ವಿದಳ ಗಿಡಗಳು, ಉದುರಿದ ಎಲೆ, ಅದನ್ನು ಕೊಳೆಸುವ ಜೀವಿಗಳು, ವರ್ಷಗಳು: ಅದು ಹೀಗೆ ಕೂಡಿಬರುತ್ತದೆ.

ಒಂದು ವಿಚಿತ್ರ ಸಲಹೆಯನ್ನೂ ಕೊಡುತ್ತೇನೆ. ಪರೀಕ್ಷೆಯಲ್ಲಿ ನಿರುಪದ್ರವಿ ಎಂದು ತಿಳಿದ ರಾಶಿಯ ಒಂದು ಭಾಗವನ್ನು, ಹತ್ತಿರದಲ್ಲಿ ಕಾಡಿದ್ದರೆ, ಒರಟಾಗಿ ಸುರಿದು ಏನೂ ನೆಡದೆ ಬಿಟ್ಟುಬಿಡಿ. ಜೆಕ್ ದೇಶದ ಕಲ್ಲಿದ್ದಲು ರಾಶಿಗಳಲ್ಲಿ ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದ್ದಾರೆ. ತಾನಾಗಿ ಬೆಳೆದ ಭಾಗಗಳಲ್ಲಿ ಜೀವವೈವಿಧ್ಯ ನೆಟ್ಟು ಬೆಳೆಸಿದ ಭಾಗಗಳಿಗಿಂತ ಹೆಚ್ಚಾಗಿಯೇ ಕಂಡದ್ದುಂಟು. ಇದರ ತೊಂದರೆ ರಸಾಯನದ್ದಲ್ಲ, ಜನರದ್ದು. ಐದಾರು ವರ್ಷ ಅದು ಪಾಳು ಬಿದ್ದಂತೆ ಕಾಣುತ್ತದೆ, ನೀವು ಕೆಲಸಗಳ್ಳರಂತೆ ಕಾಣುತ್ತೀರಿ. ಒಂದು ಫಲಕ ಹಾಕಿಸಿ.

ಇನ್ನು ಗುಂಡಿ. ಅದನ್ನು ‘ಕೆರೆ’ ಎಂದು ಕರೆಯುವುದರಲ್ಲೇ ತಪ್ಪು ಶುರುವಾಗುತ್ತದೆ. ಕೆರೆಗೆ ಏರಿಯಿದೆ, ತೂಬಿದೆ, ಕೋಡಿಯಿದೆ, ದನ ಇಳಿದು ನೀರು ಕುಡಿಯುವ ಓರೆಯಾದ ಅಂಚಿದೆ. ನೀರು ಬಂದು, ತುಂಬಿ, ಹೊರಟುಹೋಗುತ್ತದೆ. ಗಣಿಯ ಗುಂಡಿಗೆ ಇವು ಯಾವುವೂ ಇರುವುದಿಲ್ಲ. ಗೋಡೆ ಕಡಿದಾಗಿರುತ್ತದೆ, ನೀರಿಗೆ ಹೊರದಾರಿ ಇರುವುದಿಲ್ಲ, ಆವಿಯಾಗುತ್ತ ಲವಣ ಸಾಂದ್ರವಾಗುತ್ತದೆ. ನೀರು ತಿಳಿಯಾಗಿ ನೀಲಿಯಾಗಿ ಕಂಡರೆ ಒಳ್ಳೆಯದೆಂದು ಜನ ನಂಬುತ್ತಾರೆ. ಹುಳಿ ನೀರು ಎಷ್ಟೋ ಸಲ ಬಹಳ ತಿಳಿಯಾಗಿರುತ್ತದೆ, ಏಕೆಂದರೆ ಅದರಲ್ಲಿ ಪಾಚಿಯಂಥ ಜೀವಿಗಳು ಹೆಚ್ಚು ಬದುಕುವುದಿಲ್ಲ.

ಅಮೆರಿಕದ ಮೊಂಟಾನಾದ ಬ್ಯೂಟ್ ಪಟ್ಟಣದ ಬರ್ಕ್ಲಿ ತಾಮ್ರ ಗಣಿಯಲ್ಲಿ 1982ರಲ್ಲಿ ಪಂಪುಗಳನ್ನು ನಿಲ್ಲಿಸಿದರು. ಗುಂಡಿ ಲೋಹ ತುಂಬಿದ ಹುಳಿ ನೀರಿನಿಂದ ತುಂಬತೊಡಗಿತು. 1995ರಲ್ಲಿ ಅಲ್ಲಿ ಇಳಿದ ಹಿಮ ಹೆಬ್ಬಾತುಗಳಲ್ಲಿ 342 ಹಕ್ಕಿಗಳು ಸತ್ತು ತೇಲಿದವು. ಆ ನೀರನ್ನು ಮೇಲೇರಗೊಡದೆ ಶುದ್ಧೀಕರಿಸುತ್ತಲೇ ಇರಬೇಕಾಗಿದೆ, ಅದಕ್ಕೆ ಕೊನೆಯ ದಿನಾಂಕವಿಲ್ಲ. ನೀರಿನ ಗುಣ ಒಳ್ಳೆಯದಿದ್ದರೂ ದಡ ನಂಬಬೇಕಲ್ಲ. 2009ರ ಜುಲೈನಲ್ಲಿ ಜರ್ಮನಿಯ ನಾಖ್ಟರ್‌ಸ್ಟೆಟ್ ಎಂಬಲ್ಲಿ ಹಳೆಯ ಕಲ್ಲಿದ್ದಲು ಗುಂಡಿಗೆ ನೀರು ತುಂಬಿಸಿ ಸರೋವರ ಮಾಡುತ್ತಿದ್ದಾಗ ದಡ ಕುಸಿದು, ಮನೆಗಳು ಜಾರಿ, ಮೂವರು ಸತ್ತರು.

ಇದರರ್ಥ ಗುಂಡಿ ಸರೋವರ ಆಗಲಾರದು ಎಂದಲ್ಲ. ಜರ್ಮನಿಯಲ್ಲೇ ಅಂಥ ಅನೇಕ ಸರೋವರಗಳಲ್ಲಿ ಜನ ಈಜುತ್ತಾರೆ. ಅಲ್ಲಿ ನದಿಯ ನೀರು ತಿರುಗಿಸಿ ಬೇಗ ತುಂಬಿಸಿ, ಬೇಕಾದಲ್ಲಿ ಸುಣ್ಣ ಹಾಕಿ, ದಡಗಳನ್ನು ಗಟ್ಟಿಮಾಡಿದ್ದಾರೆ. ನೀವು ಕೇಳಿಕೊಳ್ಳಬೇಕಾದದ್ದು ಇಷ್ಟು. ಗುಂಡಿಯ ಗೋಡೆಯಲ್ಲಿ ಆಮ್ಲ ಹುಟ್ಟಿಸುವ ಕಲ್ಲು ತೆರೆದಿದೆಯೇ? ನೀರು ಎಷ್ಟು ಎತ್ತರಕ್ಕೆ ಬಂದು ನಿಲ್ಲುತ್ತದೆ, ಎಷ್ಟು ವರ್ಷದಲ್ಲಿ? ಅದು ಸುತ್ತಲಿನ ಅಂತರ್ಜಲಕ್ಕೆ ಸೇರುತ್ತದೆಯೇ, ಅಥವಾ ಅಂತರ್ಜಲವನ್ನೇ ಎಳೆದುಕೊಳ್ಳುತ್ತದೆಯೇ? ಅಂಚನ್ನು ಇಳಿಜಾರಾಗಿ ಕತ್ತರಿಸಲು ಜಾಗವಿದೆಯೇ? ಉತ್ತರಗಳು ಸರಿಬರದಿದ್ದರೆ ಭಾಗಶಃ ತುಂಬುವುದು ಮೇಲು. ತ್ಯಾಜ್ಯವನ್ನು ರಾಶಿಗೆ ಸಾಗಿಸುವ ಬದಲು ಈಗಿನಿಂದಲೇ ಗುಂಡಿಯ ಮುಗಿದ ಭಾಗಕ್ಕೆ ಸುರಿಯುತ್ತ ಹೋದರೆ ಖರ್ಚು ಅಷ್ಟೇನೂ ಏರುವುದಿಲ್ಲ. ಗಣಿ ಮುಚ್ಚಿದ ಮೇಲೆ ಅದೇ ಕಲ್ಲನ್ನು ಮತ್ತೆ ಎತ್ತಿ ಸಾಗಿಸುವುದಾದರೆ ಯಾರೂ ಒಪ್ಪುವುದಿಲ್ಲ.

ನಿಮ್ಮಲ್ಲಿ ಅದಿರು ತೊಳೆದ ಹೂಳಿನ ಕಟ್ಟೆ ಇದೆಯೇ ಎಂದು ಬರೆದಿಲ್ಲ. ಇದ್ದರೆ ಅದನ್ನು ಬೇರೆ ಪ್ರಶ್ನೆಯಾಗಿಯೇ ಕೇಳಿ. ಬ್ರೆಜಿಲ್‌ನ ಬ್ರುಮಾಡಿನ್ಹೊದಲ್ಲಿ 2019ರ ಜನವರಿ 25ರಂದು ಒಡೆದು 270 ಜನರನ್ನು ಬಲಿ ತೆಗೆದುಕೊಂಡದ್ದು ಬಳಕೆ ನಿಲ್ಲಿಸಿದ್ದ ಕಟ್ಟೆ.

ಹಳ್ಳಿಯವರ ಪ್ರಶ್ನೆಗೆ ಉತ್ತರವಿರಲಿಲ್ಲ ಎಂದಿರಿ. ಇಲ್ಲದಿದ್ದುದೇ ಪ್ರಾಮಾಣಿಕ ಸ್ಥಿತಿ. ಉದ್ಯಾನ, ದೋಣಿವಿಹಾರ ಎಂದು ಭರವಸೆ ಕೊಟ್ಟು ಬರಲಿಲ್ಲವಲ್ಲ, ಒಳ್ಳೆಯದೇ ಆಯಿತು. ಅವರಿಗೆ ನೆಲ ಮೇವಿಗೆ ಬೇಕೋ, ಸೌದೆಗೆ ಬೇಕೋ, ಕಾಡಾಗಬೇಕೋ ಎಂದು ಈಗಲೇ ಕೇಳಿ. ಇಳಿಜಾರಿನ ಕೋನದಿಂದ ಗಿಡದ ಜಾತಿಯವರೆಗೆ ಎಲ್ಲವೂ ಅದರ ಮೇಲೆ ನಿಲ್ಲುತ್ತದೆ. ಆಮ್ಲದ ರಾಶಿಯ ಮೇಲೆ ಹೊದಿಕೆ ಹಾಕಿದರೆ ಅಲ್ಲಿ ಅಗೆಯುವಂತಿಲ್ಲ ಎಂಬುದನ್ನೂ ಈಗಲೇ ಹೇಳಿ. ಮುಖ್ಯವಾಗಿ, ಯಂತ್ರಗಳೂ ಚಾಲಕರೂ ಗಣಿಯಲ್ಲಿ ಇರುವಾಗ ಈ ಕೆಲಸದ ಖರ್ಚು ಒಂದು, ಅವರು ಹೊರಟ ಮೇಲೆ ಇನ್ನೊಂದು. ಪ್ರತಿ ವರ್ಷ ಮುಗಿದ ಭಾಗವನ್ನು ಅದೇ ವರ್ಷ ಸರಿಮಾಡುವ ಒಪ್ಪಂದವನ್ನು ಮೇಲಿನವರಿಂದ ಬರಹದಲ್ಲಿ ಪಡೆಯಿರಿ. ಹಳ್ಳಿಯವರಿಗೆ ತೋರಿಸಲು ಅದು ಸಾಕು.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಬುಡದ ನೀರಿನ ಮಾದರಿಯನ್ನು ಈಗ, ಮಳೆಗೆ ಮುಂಚೆ ಒಮ್ಮೆ ತೆಗೆಸಿ. ಮೊದಲ ದೊಡ್ಡ ಮಳೆ ಬಿದ್ದು ಕೆಲವೇ ಗಂಟೆಗಳೊಳಗೆ ಮತ್ತೊಮ್ಮೆ ತೆಗೆಸಿ. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಕೂತ ಲವಣವೆಲ್ಲ ಆ ಮೊದಲ ಮಳೆಯಲ್ಲೇ ಕರಗಿ ಬರುವುದರಿಂದ, ಮಳೆ ನಿಂತು ವಾರದ ಮೇಲೆ ತೆಗೆದ ಮಾದರಿ ನಿಮಗೆ ಸುಳ್ಳು ಸಮಾಧಾನ ಕೊಡುತ್ತದೆ. ಅದು ಭಾನುವಾರ ರಾತ್ರಿ ಬಿದ್ದರೂ ಯಾರಾದರೂ ಬಾಟಲಿ ಹಿಡಿದು ಹೋಗಬೇಕು. ಎರಡೂ ಫಲಿತಾಂಶ ಬಂದ ಮೇಲೆ, ಅಗೆದು ತೆಗೆದ ಆ ಹತ್ತು ಸಸಿಗಳ ಬೇರಿನ ಚಿತ್ರಗಳ ಜೊತೆ ಮತ್ತೆ ಬರೆಯಿರಿ. ಈ ಮಳೆಗಾಲಕ್ಕೆ ಸಸಿಗೆ ಆರ್ಡರ್ ಕೊಟ್ಟಿದ್ದರೆ ಸದ್ಯಕ್ಕೆ ತಡೆಹಿಡಿಯಿರಿ.